ತೇಪೆಯಮ್ಮನ ಹತ್ತು ನಿಮಿಷ

ನನ್ನ ಬಾಯಿ ಸ್ವಲ್ಪ ಜೋರು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಹದಿನೆಂಟು ವರ್ಷ ಬೆಡ್‌ಶೀಟ್ ಇಸ್ತ್ರಿ ಮಾಡಿ ಮಡಚಿದ್ದೇನೆ. ಯಂತ್ರಗಳ ಗದ್ದಲ ಮೀರಿ ಮಾತಾಡಿ ಮಾತಾಡಿ ಗಂಟಲು ಹೀಗಾಯಿತು ಅಂತ ನನ್ನ ವಾದ. ಹುಟ್ಟಿದಾಗಿನಿಂದಲೂ ಹೀಗೇ ಅಂತ ನನ್ನ ತಾಯಿಯ ವಾದ. ಇಂಥ ನನ್ನನ್ನು ದಿನಾ ಬೆಳಿಗ್ಗೆ ಹತ್ತು ನಿಮಿಷ ತುಟಿ ಪಿಟಕ್ಕೆನ್ನದೆ ಕೂರಿಸಿದವಳು ತೇಪೆಯಮ್ಮ.

ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ದಾರದ ಡಬ್ಬಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಆಳು ಗುಬ್ಬಚ್ಚಿಯಷ್ಟು. ಬೆಡ್‌ಶೀಟಿನ ರಾಶಿಯ ಹಿಂದೆ ಕೂತರೆ ಅವಳಿದ್ದಾಳೋ ಇಲ್ಲವೋ ಅಂತ ಕೂಗಿ ಕೇಳಬೇಕಾಗುತ್ತಿತ್ತು.

ಬೆಳಿಗ್ಗೆ ಬಾಯ್ಲರಿನಲ್ಲಿ ಹಬೆ ತುಂಬಲು ಹತ್ತು ನಿಮಿಷ ಹಿಡಿಯುತ್ತದೆ. ತುಂಬಿದ ಮೇಲೆ ಅದು ಸಿಳ್ಳೆ ಹಾಕುತ್ತಿತ್ತು. ಅಲ್ಲಿಯವರೆಗೆ ಯಾರಿಗೂ ಕೆಲಸವಿಲ್ಲ, ಹಾಗಾಗಿ ಹದಿನಾಲ್ಕು ಜನವೂ ಜಗಳ ಆಡುತ್ತಿದ್ದೆವು. ನನ್ನ ಕೊಕ್ಕೆಗೆ ನಿನ್ನ ಚೀಲ ಯಾಕೆ ನೇತುಹಾಕಿದೆ ಅನ್ನುವಲ್ಲಿಂದ ಶುರುವಾದದ್ದು ಅತ್ತೆ ಮಾವಂದಿರವರೆಗೂ ಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗದು ಖುಷಿಯಾಗಿಯೇ ಇತ್ತು.

ಒಂದು ಸಲ ತೇಪೆಯಮ್ಮ ಹದಿನೈದು ದಿನ ಬರಲಿಲ್ಲ. ಗಂಡ ತೀರಿಕೊಂಡಿದ್ದ, ಅದೇ ಆಸ್ಪತ್ರೆಯಲ್ಲಿ. ವಾಪಸ್ ಬಂದವಳು ಒಂದು ಖಾಲಿ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು ಕಣ್ಣು ಮುಚ್ಚಿದಳು. ಅಳುತ್ತಿದ್ದಾಳೆ ಅಂತ ನಾವು ಸುಮ್ಮನಿದ್ದೆವು. ಮೂರನೇ ದಿನ ನನಗೆ ತಡೆಯಲಾಗಲಿಲ್ಲ.

"ಏನಮ್ಮಾ, ಬಂದ ತಕ್ಷಣ ನಿದ್ದೆನಾ?"

"ನಿದ್ದೆ ಅಲ್ವೇ ಮಾರಾಯ್ತಿ. ಕೂತ್ಕೋ, ಹೇಳ್ತೀನಿ." ಕನ್ನಡಕ ತೆಗೆದು ಒರೆಸಿಕೊಂಡಳು. "ಕೊನೇ ದಿನ ಅವರ ಕಾಲ ಹತ್ರ ಬೆಡ್‌ಶೀಟ್ ನೋಡ್ತೀನಿ, ನಾನೇ ಹಾಕಿದ ತೇಪೆ ಕಣೇ. ಯಾರ ಮೇಲೋ ಸಿಟ್ಟಲ್ಲಿ ಎಳೆದು ಎಳೆದು ಹೊಲಿದಿದ್ದೆ. ದಾರ ಗಂಟುಗಂಟಾಗಿ ಹಿಮ್ಮಡಿಗೆ ಒತ್ತುತ್ತಿತ್ತು. ಅವರಿಗೆ ಹೇಳೋಕೂ ಶಕ್ತಿ ಇರ್ಲಿಲ್ಲ. ರಾತ್ರಿಯೆಲ್ಲಾ ಹಿಮ್ಮಡಿ ಕೆಳಗೆ ಕೈ ಇಟ್ಕೊಂಡು ಕೂತಿದ್ದೆ."

ನಾನು ಅವಳ ಪಕ್ಕ ನೆಲದ ಮೇಲೇ ಕೂತುಬಿಟ್ಟೆ.

"ಅದಕ್ಕೇ ಬಟ್ಟೆ ಮುಟ್ಟೋಕೆ ಮೊದಲು ಮನಸ್ಸಿನ ಗಂಟು ಬಿಡಿಸ್ಕೋತೀನಿ," ಅಂದಳು. "ಉಸಿರು ನೋಡ್ಕೊಂಡು ಕೂರೋದು. ಇವತ್ತು ಈ ಬಟ್ಟೆ ಮೇಲೆ ಮಲಗೋರು ನೆಮ್ಮದಿಯಾಗಿರಲಿ ಅನ್ನೋದು. ಎಡಕ್ಕಿರೋರು ನೆಮ್ಮದಿಯಾಗಿರಲಿ, ಬಲಕ್ಕಿರೋರು ನೆಮ್ಮದಿಯಾಗಿರಲಿ. ಅಷ್ಟೇ."

ಮರುದಿನ ನಾನೂ ಒಂದು ಬುಟ್ಟಿ ಬೋರಲು ಹಾಕಿದೆ. ಒಂದು ವರ್ಷದೊಳಗೆ ಹದಿಮೂರು ಬುಟ್ಟಿಗಳು ದುಂಡಗೆ ಕೂತವು. ಕೊಕ್ಕೆಯ ಜಗಳ ತಾನಾಗಿಯೇ ನಿಂತಿತು. ಪಕ್ಕದವಳು ನೆಮ್ಮದಿಯಾಗಿರಲಿ ಅಂತ ಈಗಷ್ಟೇ ಅಂದು, ಎದ್ದ ಕೂಡಲೇ ಅವಳ ಚೀಲ ಎಸೆಯುವುದು ಹೇಗೆ? ನಾಚಿಕೆಯಾಗುತ್ತದೆ.

ಕೂರದವನು ಒಬ್ಬನೇ, ಬಾಯ್ಲರ್ ನೋಡಿಕೊಳ್ಳುವವನು. ಎಲ್ಲರಿಗೂ ಅವನು ಬಾಯ್ಲರಣ್ಣ, ನನಗೆ ಮಾತ್ರ 'ಆ ಮನುಷ್ಯ'. ಇಸ್ತ್ರಿ ಯಂತ್ರಕ್ಕೆ ಹಬೆ ಬಿಡುವ ಮೊದಲು "ಕೈ ತೆಗ್ದಿದ್ದೀಯಾ?" ಅಂತ ಕೂಗಿ ಕೇಳಬೇಕು. ಒಂದು ದಿನ ಅವನು ಕೇಳಲಿಲ್ಲ. ಮರೆತನಂತೆ. ಯಂತ್ರ ಒರೆಸುತ್ತಿದ್ದ ನನ್ನ ಎಡಗೈ ಒಳಗಿತ್ತು. ಇವತ್ತಿಗೂ ಎರಡು ಬೆರಳು ಮಡಚುವುದಿಲ್ಲ. ಅವನು ವಾರ್ಡಿಗೆ ಬಂದು ಕೈಮುಗಿದು ನಿಂತಾಗ ಗೋಡೆಯ ಕಡೆ ಹೊರಳಿಕೊಂಡೆ. ಇನ್ನೊಂದು ತಪ್ಪಾದರೆ ಕೆಲಸವಿಲ್ಲ ಅಂತ ಮ್ಯಾನೇಜರು ಅವನಿಗೆ ಬರೆದುಕೊಟ್ಟಿದ್ದರು. ಆ ಇನ್ನೊಂದು ತಪ್ಪಿಗಾಗಿ ನಾನು ಎರಡು ವರ್ಷ ಕಾದೆ.

ಆ ಎರಡು ವರ್ಷ ಅವನು ತೇಪೆಯಮ್ಮನನ್ನು ಕೇಳುತ್ತಿದ್ದ, "ಅವಳು ಕೈ ತೆಗ್ದಿದ್ದಾಳಾ ಕೇಳಮ್ಮ." ನಾನು ತೇಪೆಯಮ್ಮನಿಗೇ ಹೇಳುತ್ತಿದ್ದೆ, "ತೆಗ್ದಿದ್ದಾಳೆ ಅಂತ ಹೇಳಮ್ಮ." ನಡುವೆ ಇದ್ದದ್ದು ನಾಲ್ಕು ಮಾರು ದೂರ.

ಒಂದು ಸೋಮವಾರ ಬಂದು ನೋಡಿದರೆ ಬಾಯ್ಲರಿಗೆ ಹೊಸ ಮೀಟರು. ಹಬೆ ತುಂಬಿದರೆ ಹಸಿರು ದೀಪ ಹತ್ತುತ್ತದೆ, ಹೆಚ್ಚಾದರೆ ಬೆಂಕಿ ತಾನೇ ಆರುತ್ತದೆ.

"ಇನ್ನು ಅದರ ಪಾಡು ಅದು ನೋಡ್ಕೊಳ್ಳುತ್ತೆ," ಅಂತ ತೇಪೆಯಮ್ಮ ಅವನ ತೋಳು ಹಿಡಿದಳು. "ನಿಂಗಿನ್ನು ನೆಪ ಇಲ್ಲ. ಬಾ, ಕೂತ್ಕೋ."

"ನಂಗ್ಯಾಕಮ್ಮ ಇದೆಲ್ಲ? ನಾನು ಕೂರೋ ಹಾಗಿಲ್ಲ."

"ಕೂತ್ಕೋ ಅಂದೆ."

ಕೂರಿಸಿದ್ದೆಲ್ಲಿ? ನನ್ನ ಬಲಕ್ಕೆ! ಮೈಯೆಲ್ಲ ಉರಿದುಹೋಯಿತು. ಕಣ್ಣು ಮುಚ್ಚಿ, ನೆಮ್ಮದಿ ಗಿಮ್ಮದಿ ಬಿಟ್ಟು, ಅವನನ್ನು ಮನಸ್ಸಿನಲ್ಲೇ ಬಯ್ಯತೊಡಗಿದೆ. ಬೈದೆ, ಬೈದೆ, ಸಿಳ್ಳೆ ಬರಲೇ ಇಲ್ಲ. ಕೊನೆಗೆ ಬೈಗುಳವೇ ಮುಗಿದುಹೋಯಿತು. ನನ್ನಂಥವಳ ಬೈಗುಳ!

ಆಗ ಅವನ ಉಸಿರು ಕೇಳಿಸಿತು. ಮೂವತ್ತು ವರ್ಷ ಹಬೆಯಲ್ಲಿ ನಿಂತವನ ಉಸಿರು, ಗೊರಗೊರ ಅನ್ನುತ್ತ, ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು. ಆ ಉಸಿರಿನ ಜೊತೆ ಒಂದು ಪಿಸುಮಾತೂ ಇತ್ತು. ಯಾರಿಗೂ ಕೇಳಿಸದು ಅಂದುಕೊಂಡಿದ್ದ, ಪಾಪ.

"ಎಡಕ್ಕಿರೋಳ ಕೈನೋವು ಕಮ್ಮಿಯಾಗಲಿ. ಎಡಕ್ಕಿರೋಳ ಕೈನೋವು ಕಮ್ಮಿಯಾಗಲಿ."

ಅವನ ಎಡಕ್ಕಿದ್ದದ್ದು ನಾನು. ಮುಚ್ಚಿದ ಕಣ್ಣಲ್ಲೇ ನೀರು ಬಂತು. ನೋವು ನನ್ನೊಬ್ಬಳದೇ ಅಂದುಕೊಂಡಿದ್ದೆನಲ್ಲ, ಎರಡು ವರ್ಷದಿಂದ ಇನ್ನೊಂದು ಜೀವವೂ ಅದನ್ನೇ ಹೊತ್ತುಕೊಂಡು ಓಡಾಡುತ್ತಿತ್ತಲ್ಲ ಅಂತ ಸಂಕಟವಾಯಿತು. ಬಲಕ್ಕಿರೋನು ನೆಮ್ಮದಿಯಾಗಿರಲಿ ಅಂದೆ.

"ಇದೇನು ಕೆಲಸದ ಜಾಗವೋ, ಮಲಗೋ ಕೋಣೆಯೋ?"

ಮ್ಯಾನೇಜರು! ಎಲ್ಲರೂ ದಡಬಡ ಎದ್ದೆವು. ಗೋಡೆಯ ಗಡಿಯಾರ ನೋಡಿದರೆ ನಲವತ್ತು ನಿಮಿಷ ಕಳೆದಿತ್ತು. ಹಸಿರು ದೀಪ ಜಗ್ಗನೆ ಉರಿಯುತ್ತಿತ್ತು. ಕಣ್ಣು ಮುಚ್ಚಿ ಕೂತವರಿಗೆ ದೀಪ ಕಾಣುವುದು ಹೇಗೆ? ಇನ್ನೇನು ಸಿಳ್ಳೆ ಬರುತ್ತೆ ಅಂತ ಹದಿನಾಲ್ಕು ಜನವೂ ಕಾಯುತ್ತ ಕೂತಿದ್ದೆವು. ಹೊಸ ಮೀಟರಿಗೆ ಸಿಳ್ಳೆಯೇ ಇಲ್ಲ ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ.

"ವಾರ್ಡಿಂದ ಫೋನ್ ಮೇಲೆ ಫೋನು. ಬಾಯ್ಲರ್ ನೋಡೋನಿಗೆ ಇಲ್ಲೇನು ಕೆಲಸ?" ಮ್ಯಾನೇಜರು ಅವನ ಕಡೆ ತಿರುಗಿ, ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ನೀನಂತೂ ಮುಚ್ಚಿಡೋಳಲ್ಲ. ಬಾಯ್ಲರ್ ಬಿಟ್ಟು ಇವನೇ ಬಂದು ಕೂತ್ನಾ?"

ಅವನು ತಲೆ ತಗ್ಗಿಸಿ ನಿಂತಿದ್ದ. ತೇಪೆಯಮ್ಮ "ಸಾರ್, ಅದು..." ಅಂತ ಮುಂದೆ ಬಂದಳು. ಅವಳ ಕೈ ಹಿಡಿದು ಹಿಂದಕ್ಕೆ ಸರಿಸಿದೆ. ಹೌದು ಅನ್ನುವ ಒಂದು ಮಾತು ಸಾಕಿತ್ತು, ಆ ಮನುಷ್ಯ ಮನೆ ಸೇರುತ್ತಿದ್ದ.

"ಇಲ್ಲ ಸಾರ್," ಅಂದೆ. "ನಾವು ಬಲವಂತ ಮಾಡಿ ಕೂರಿಸಿದ್ವಿ. ನಾಳೆಯಿಂದ ದಿನಕ್ಕೊಬ್ಬರು ಕಣ್ಣು ಬಿಟ್ಕೊಂಡು ದೀಪ ಕಾಯ್ತೀವಿ. ಮೊದಲ ಸರದಿ ನಂದು."

"ನಿನ್ನ ಕೈ ಸುಟ್ಟೋನ ಪರವಾಗಿ ಮಾತಾಡ್ತೀಯಲ್ಲಮ್ಮ!"

"ಕೈ ನಂದು ಸಾರ್. ನಾನೇ ಮಾತಾಡ್ತೀನಿ."

ಅವರು ನನ್ನನ್ನೇ ನೋಡಿ, ಏನೋ ಗೊಣಗಿಕೊಂಡು, ಬೇಗ ಕಳಿಸಿ ಬೇಗ ಕಳಿಸಿ ಅನ್ನುತ್ತ ಹೊರಟುಹೋದರು.

ಇಸ್ತ್ರಿ ಯಂತ್ರ ಒರೆಸಿ ನಿಂತೆ. ಅವನು ಹಬೆಯ ವಾಲ್ವಿನ ಮೇಲೆ ಕೈಯಿಟ್ಟ. ರೂಢಿಯಂತೆ ತೇಪೆಯಮ್ಮ ಹೊಲಿಗೆ ನಿಲ್ಲಿಸಿ ನಮ್ಮಿಬ್ಬರ ನಡುವೆ ಬಾಯಿ ತೆರೆದಳು. ಅವಳಿಗೆ ಹೇಳುವ ಕೆಲಸ ಬರಲಿಲ್ಲ.

"ಕೈ..." ಅಂದ ಅವನು, ನನ್ನ ಕಡೆ ತಿರುಗಿ.

"ತೆಗ್ದಿದ್ದೀನಿ ಅಣ್ಣ. ಹಬೆ ಬಿಡು."

ಅವನು ಬಿಡಲಿಲ್ಲ. ನಾಲ್ಕು ಮಾರು ನಡೆದು ಬಂದ. ನನ್ನ ಎರಡೂ ಕೈ ಕಣ್ಣಾರೆ ನೋಡಿದ, ಸುಟ್ಟದ್ದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ವಾಪಸ್ ಹೋಗಿ ವಾಲ್ವ್ ತಿರುಗಿಸಿದ.

ಕಿಟಕಿಯ ಪಕ್ಕ ತೇಪೆಯಮ್ಮ ಕನ್ನಡಕ ಒರೆಸಿಕೊಂಡು, ಹಾಳಾದ್ದು ಈ ಸೂಜಿಯ ಕಣ್ಣೇ ಕಾಣಿಸುತ್ತಿಲ್ಲ ಅಂತ ಬೈದುಕೊಳ್ಳುತ್ತಿದ್ದಳು. ನಾನು ಹೋಗಿ ದಾರ ಪೋಣಿಸಿಕೊಟ್ಟೆ.