ಹದಿನೇಳು ಕಲ್ಲಿನ ಕಮಾನು

ನಮ್ಮ ಸೋದರಮಾವನನ್ನು ನಾನು ಕ್ಷಮಿಸಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಇಂಜಿನಿಯರಿಂಗ್ ಕಾಲೇಜಿಗೆ ರೈಲು ಹಿಡಿಯುತ್ತಿದ್ದ, ಸವಣೂರು ಕಡೆಯ ಹಳೆಯ ಸ್ಟೇಷನ್ನು ಚಿಕ್ಕದು: ಒಂದು ಪಡಸಾಲೆ, ಎರಡು ಕೋಣೆ, ಮುಂದೆ ಕಲ್ಲಿನ ಕಮಾನು. ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಹಾಕಿದಾಗ ಪ್ಲಾಟ್‌ಫಾರ್ಮನ್ನು ಎತ್ತರಿಸಿದರು, ಕಟ್ಟಡವನ್ನು ಹಾಗೇ ಬಿಟ್ಟರು. ಹಾಗಾಗಿ ರೈಲಿಳಿದವರು ಪಡಸಾಲೆಗೆ ಎರಡು ಮೆಟ್ಟಿಲು ಇಳಿಯಬೇಕು. ಅದನ್ನು ಮರೆತು ಎಡವಿದವರನ್ನು ನಾನು ಡೈರಿಯಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಮಾವ ಎರಡು ಸಲ ಎಡವಿದ್ದಾನೆ. ತಾರೀಖು ಇದೆ.

ಜೋಡಿ ಹಳಿ ಬಂತು, ಕಟ್ಟಡ ಕೆಡವುವುದೆಂದಾಯಿತು. ಕಮಾನಿನ ಕಲ್ಲುಗಳ ಕ್ರಮ ಗೊತ್ತಿದ್ದರೆ ಹೊಸ ಸ್ಟೇಷನ್ನಿನ ಮುಂದೆ ಮತ್ತೆ ನಿಲ್ಲಿಸೋಣ ಎಂದು ಕೆಲಸದ ಮೇಲಿದ್ದ ಇಂಜಿನಿಯರ್ ಒಪ್ಪಿದರು. ಮೂರು ಭಾನುವಾರ ಏಣಿ ಹತ್ತಿ ಅಳೆದೆ. ಹದಿನೇಳು ಕಲ್ಲು. ನೋಡಲು ಎಲ್ಲವೂ ಒಂದೇ, ಅಳತೆಯಲ್ಲಿ ಮಾತ್ರ ಬೆರಳಗಲ ಫರಕು. ಬಣ್ಣ ಹಚ್ಚಿದರೆ ಕಲ್ಲು ಕೆಡುತ್ತದೆಂದು ಸೀಮೆಸುಣ್ಣದಲ್ಲಿ ಅಂಕಿ ಬರೆದೆ, ಡೈರಿಯಲ್ಲೂ ಬರೆದುಕೊಂಡೆ.

ಆ ಸಂಭ್ರಮದಲ್ಲಿ ಮಾವನ ಮುಂದೆ ಬಾಯಿಬಿಟ್ಟೆ. ಅವನು ಗೋವಿನಜೋಳದ ವ್ಯಾಪಾರಿ, ಹೊಸ ಮನೆ ಕಟ್ಟಿಸುತ್ತಿದ್ದ. "ಹಂಗಾರ ಬಿಚ್ಚಿ ಜೋಡಸಾಕ ಬರ್ತೇತಿ ಅನ್ನು," ಎಂದ, ಅಷ್ಟೆ. ಮಂಗಳವಾರ ಹೋದರೆ ಕಮಾನು ಇರಲಿಲ್ಲ. ಮಾವ ಅದನ್ನು ಕೆಡವುವ ಗುತ್ತಿಗೆದಾರನಿಂದ ಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದ.

"ಸ್ವಂತ ಮಾವನ ಮನಿ ಬಾಗಲಕ್ಕ ಬಂದ್ರ ನಿನಗೇನ ಸಂಕಟ?"

"ಊರ ಮಂದಿ ದಾಟಿದ ಬಾಗಲ ಅದು."

"ಇನ್ನ ನನ್ನ ಎಮ್ಮಿ ದಾಟ್ತಾವು."

ಗುರುವಾರ ಮಳೆ ಹೊಡೆಯಿತು. ಅವನ ಅಂಗಳದಲ್ಲಿ ಕಲ್ಲಿನ ಮೇಲಿನ ಅಂಕಿಗಳೆಲ್ಲ ತೊಳೆದುಹೋದವು. ಗೌಂಡಿ ನಾಲ್ಕು ಸಲ ಜೋಡಿಸಿದ. ನಾಲ್ಕು ಸಲವೂ ನೆತ್ತಿಯಲ್ಲಿ ಕೂತು ಕಮಾನನ್ನು ಬಿಗಿಯುವ ನಡುಗಲ್ಲು ಕೂರಲಿಲ್ಲ. ಮಾವ ಪೇಡೆ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ.

"ಇಂಜಿನೇರಬಾಯಿ, ಆ ಡೈರಿ ಒಂಚೂರು ಕೊಡವಾ."

"ಕಲ್ಲು ಸ್ಟೇಷನ್ನಿಗೆ ಹೊಳ್ಳಿ ತರ್ರಿ ಮಾಮಾ, ಅಲ್ಲೇ ನಿಂತು ಓದತೇನಿ."

"ನನ್ನ ಮ್ಯಾಲೆ ಹಟಾ? ಬ್ಯಾರೆ ಗೌಂಡಿನ್ನ ತರಸ್ತೇನಿ."

"ತರಸ್ರಿ."

"ನಿಮ್ಮ ಮಾಮಾ ಅದಾನ, ಕೊಟ್ಟಬಿಡ," ಎಂದಳು ಅವ್ವ. ನಾನು ಪೇಡೆ ಡಬ್ಬಿಯನ್ನು ಅವನ ಕೈಗೇ ವಾಪಸು ಕೊಟ್ಟೆ.

ಹೊಸ ಸ್ಟೇಷನ್ನಿಗೆ ತಗಡಿನ ಚಾವಣಿ. ಮೆಟ್ಟಿಲಿಲ್ಲ, ಎಡವುವವರಿಲ್ಲ, ಡೈರಿಯ ಆ ಪುಟದಲ್ಲಿ ಹೊಸ ಗೀಟಿಲ್ಲ. ಮಾವನ ಗೇಟಿಗೆ ಕಬ್ಬಿಣದ ಕಂಬ ಬಂದಿದೆ. ಹಾದುಹೋಗುವಾಗಲೆಲ್ಲ ಅಂಗಳದ ಕಲ್ಲು ಎಣಿಸುತ್ತೇನೆ. ಮೊನ್ನೆ ಹದಿನಾರೇ ಇದ್ದವು. ಇನ್ನೊಂದು ಹಿತ್ತಲಲ್ಲಿತ್ತು, ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅಂಚಿನ ಮುಕ್ಕು ನೋಡಿ ಗುರುತು ಹಿಡಿದೆ: ಒಂಬತ್ತನೆಯದು, ನಡುಗಲ್ಲು. ಅವನಿಗೆ ಹೇಳಲಿಲ್ಲ.