ಸ್ಟವ್ ಅಟ್ಟಕ್ಕೇರಿದ ದಿನಗಳು

ಆ ದಿನಗಳಲ್ಲಿ ಮಾಟುಂಗದ ನಮ್ಮ ಚಾಳಿನ ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಯಾರ ಮನೆಯ ಮುಂದಿದ್ದೇವೆಂದು ಮೂಗು ಹೇಳುತ್ತಿತ್ತು. ಚಾಳಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವರ್ಷ ಕೆಲವು ವಾರ ಒಂದೇ ಕೋಣೆಯ ನಮ್ಮ ಖೋಲಿಯಿಂದ ಮಾತ್ರ ಯಾವ ವಾಸನೆಯೂ ಬರಲಿಲ್ಲ. ಎಪ್ಪತ್ತರ ದಶಕದ ಆರಂಭವಿರಬೇಕು. ನನಗೆ ಒಂಬತ್ತೋ ಹತ್ತೋ. ಬೇಸಿಗೆ ಎಂದು ನೆನಪು. ಆದರೆ ಆ ನೆನಪಿನಲ್ಲಿ ಒಂದೂ ಮಾವಿನಹಣ್ಣಿಲ್ಲ, ಹಾಗಾಗಿ ಅದೂ ತಪ್ಪಿರಬಹುದು. ಡೈರಿ ಬರೆಯುವ ಅಭ್ಯಾಸ ಬಂದದ್ದು ಕಾಲೇಜಿನಲ್ಲಿ. ಅದಕ್ಕೂ ಹಿಂದಿನದ್ದಕ್ಕೆ ನಾನು ಅಷ್ಟೇನೂ ನಂಬಬಹುದಾದ ಸಾಕ್ಷಿಯಲ್ಲ.

ಅಪ್ಪ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಹೊಟ್ಟೆಯ ಉರಿನೋವು ಅವರನ್ನು ಹಣ್ಣು ಮಾಡಿತ್ತು. ಘಾಟ್ಕೋಪರಿನ ಪ್ರಕೃತಿ ಚಿಕಿತ್ಸೆಯವರೊಬ್ಬರು, ಆರು ವಾರ ಬೆಂಕಿ ಮುಟ್ಟಿದ್ದೇನನ್ನೂ ತಿನ್ನಬೇಡಿ ಎಂದರು. ಮನೆಯಲ್ಲಿ ಒಗ್ಗರಣೆ ಸಿಡಿದರೆ ತನ್ನಿಂದ ತಡೆಯಲಾಗದೆಂದು ಅಪ್ಪ ಸ್ಟವ್ವನ್ನೇ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದರು. ಮನೆಮಂದಿಗೆಲ್ಲ ಅದೇ ಪಥ್ಯ.

ಮೊಳಕೆ ಹೆಸರು, ಸೌತೆಕಾಯಿ, ತುರಿದ ಗಜ್ಜರಿ, ತೆಂಗಿನಕಾಯಿ, ಬಾಳೆಹಣ್ಣು. ಎರಡು ದಿನ ಹಬ್ಬದ ಕೋಸಂಬರಿಯಂತೆ ತಿಂದೆ. ಮೂರನೆಯ ದಿನದಿಂದ ದವಡೆ ನೋವು. ಹೊಟ್ಟೆ ಉಬ್ಬುತ್ತಿತ್ತು, ಹಸಿವು ಹಾಗೇ ಇರುತ್ತಿತ್ತು. ಲಗೋರಿಯ ಕಲ್ಲು ಜೋಡಿಸಲು ಬಗ್ಗಿದರೆ ಕಣ್ಣು ಕತ್ತಲೆ. ಮೊಳೆಗೆ ನೇತುಹಾಕಿದ ಅಪ್ಪನ ಅಂಗಿಯಲ್ಲಿ ಮುಖ ಹುದುಗಿಸಿ, ತುಪ್ಪ ಈರುಳ್ಳಿಯ ವಾಸನೆ ಎಳೆದುಕೊಳ್ಳುತ್ತಿದ್ದೆ.

ತಮ್ಮನಿಗೆ ಆಗ ಮೂರು ತಿಂಗಳು. ಅಮ್ಮನ ಹಾಲು ಬತ್ತತೊಡಗಿತು. ಕೂಸು ಮೊಲೆ ಹಿಡಿಯುವುದು, ಬಿಡುವುದು, ಅಳುವುದು. ಆಮೇಲಾಮೇಲೆ ಅಳುವುದನ್ನೂ ಕಡಿಮೆ ಮಾಡಿತು. ನನಗೆ ಹೆದರಿಕೆಯಾದದ್ದು ಆಗ.

"ನನಗೊಂದು ಮುಷ್ಟಿ ಬಿಸಿ ಅನ್ನ ಬೇಕು," ಎಂದಳು ಅಮ್ಮ.

"ಹಸು ಹುಲ್ಲು ಬೇಯಿಸಿ ತಿಂತದಾ? ಹಾಲು ಕೊಡುದಿಲ್ವಾ ಅದು?" ಎಂದರು ಅಪ್ಪ.

"ಹಸುವಿಗೆ ನಾಲ್ಕು ಹೊಟ್ಟೆ ಉಂಟಂತೆ, ಮಗಳ ಪುಸ್ತಕದಲ್ಲಿದೆ. ನನಗಿರುದು ಒಂದೇ."

ಅಪ್ಪ ನಗಲಿಲ್ಲ. "ಇನ್ನು ಮೂರು ವಾರ. ಈಗ ಬಿಟ್ರೆ ಎಲ್ಲ ನೀರಲ್ಲಿ ಹೋಮ."

ಪಕ್ಕದ ಖೋಲಿಯ ಬೀಬಮ್ಮ ವಿಜಾಪುರದ ಕಡೆಯವರು. ಗಂಡನಿಗೆ ಧಾರಾವಿಯಲ್ಲಿ ಚರ್ಮದ ಕೆಲಸ. ನಮ್ಮ ಮನೆಯವರು ಅವರಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವರು ನನ್ನ ರಟ್ಟೆ ಹಿಡಿದರು.

"ನಿಮ್ಮವ್ವಗ ಹೇಳು, ಕೂಸು ಬರೇ ಗಾಳಿ ಕುಡಿಲಿಕ್ಕತ್ತೈತಿ ಅಂತ. ನಿಮ್ಮ ಅಕ್ಕಿ, ನಿಮ್ಮ ನೀರು, ನಿಮ್ಮ ಪಾತೇಲಿ ತೊಗೊಂಡ ಬರ್ರಿ. ಉರಿ ಅಷ್ಟ ನಂದು. ನಾ ಏನೂ ಮುಟ್ಟೂದಿಲ್ಲ."

ಅಮ್ಮ ಒಂದು ದಿನ ಯೋಚಿಸಿದಳು. ಮರುದಿನ ಮಧ್ಯಾಹ್ನ ಪಾತ್ರೆಯನ್ನು ಸೆರಗಿನಡಿ ಇಟ್ಟುಕೊಂಡು ಹೋದಳು. ಕುಚ್ಚಲಕ್ಕಿ ಬೇಯಲು ಒಂದು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಮೆಟ್ಟಿಲ ಬಳಿ ನನ್ನ ಕಾವಲು; ಅಪ್ಪ ಕಂಡರೆ ಎರಡು ಸಲ ಕೆಮ್ಮಬೇಕು. ಅವಳು ಅಲ್ಲೇ ಕೂತು ಗಂಜಿ ಉಂಡು ಬರುತ್ತಿದ್ದಳು. ನಾಲ್ಕೈದು ದಿನದಲ್ಲಿ ತಮ್ಮನ ಅಳು ಮತ್ತೆ ಜೋರಾಯಿತು.

ಆಮೇಲೊಂದು ಮಧ್ಯಾಹ್ನ ಅಪ್ಪ ಬೇಗ ಬಂದರು. ಮೆಟ್ಟಿಲ ತಿರುವಿನಲ್ಲಿ ಅವರ ತಲೆ ಕಂಡದ್ದು ನೆನಪಿದೆ. ಕೆಮ್ಮಿದೆನೇ ಎಂಬುದು ನೆನಪಿಲ್ಲ. ಗಂಜಿಯ ವಾಸನೆಗೆ ಅವರು ನನ್ನನ್ನು ದಾಟಿ ಬೀಬಮ್ಮನ ಬಾಗಿಲಲ್ಲಿ ಹೋಗಿ ನಿಂತರು. ಒಳಗೆ ಅಮ್ಮ, ಮಡಿಲಲ್ಲಿ ಕೂಸು, ಕೈಯಲ್ಲಿ ಬಟ್ಟಲು.

"ಬೈಯೂದಿದ್ರ ನನಗ ಬೈರಿ, ಅಣ್ಣಾ," ಎಂದರು ಬೀಬಮ್ಮ. "ಆಕಿ ಮೊದಲ ಉಣ್ಣಲಿ."

ಅಮ್ಮ ಬಟ್ಟಲು ಕೆಳಗಿಡಲಿಲ್ಲ. ಅಪ್ಪನನ್ನು ನೋಡುತ್ತಲೇ ಇನ್ನೊಂದು ಗುಟುಕು ಕುಡಿದಳು, ಮತ್ತೊಂದು. ಅಪ್ಪನ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

"ಉಪ್ಪು ಹಾಕಿದ್ದೀಯಾ?" ಎಂದರು ಕೊನೆಗೆ.

"ಮನೆಯಿಂದ ತರ್ಲಿಕ್ಕೆ ಮರೆತೆ."

"ಅವರ ಹತ್ರ ಕೇಳು," ಎಂದು ಅಪ್ಪ ನಮ್ಮ ಖೋಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಟ್ಟದಿಂದ ಸ್ಟವ್ ಇಳಿಸುವ ಸದ್ದು ಕೇಳಿಸಿತು. ಉಳಿದ ದಿನಗಳನ್ನು ಅವರೊಬ್ಬರೇ ಹಸಿ ತಿಂದು ಮುಗಿಸಿದರು, ನಮ್ಮ ಊಟದ ಹೊತ್ತಿಗೆ ಗ್ಯಾಲರಿಯಲ್ಲಿ ನಿಂತು. ಹೊಟ್ಟೆಯ ಉರಿನೋವು ವಾಸಿಯಾಯಿತೇ? ನಾವು ಯಾರೂ ಕೇಳಿದಂತೆ ನೆನಪಿಲ್ಲ.

ಚಾಳು ಹೋಗಿ ಬಿಲ್ಡಿಂಗ್ ಬಂತು. ಬೀಬಮ್ಮ ಎಲ್ಲಿಗೆ ಹೋದರೆಂದು ನಾವು ವಿಚಾರಿಸಲಿಲ್ಲ, ವಿಚಾರಿಸಬೇಕಿತ್ತು. ಈಗ ನಾನಿರುವ ಫ್ಲ್ಯಾಟುಗಳ ಸೊಸೈಟಿಯಲ್ಲಿ ಪಕ್ಕದ ಮನೆಯಲ್ಲಿ ಕೂಸಿದೆಯೇ ಎಂಬುದೂ ನನಗೆ ಗೊತ್ತಿಲ್ಲ.

ಕಳೆದ ವರ್ಷ ಅಮ್ಮನ ಉಗುರು ಕತ್ತರಿಸುತ್ತ ಕೇಳಿದೆ: "ಅಮ್ಮಾ, ಆವತ್ತು ನಾನು ಕೆಮ್ಮಿದ್ದೆನಾ? ಕೇಳಿಸಿಯೂ ನೀನು ಬಟ್ಟಲು ಕೆಳಗಿಡಲಿಲ್ವಾ?"

ಅಮ್ಮ ಇನ್ನೊಂದು ಕೈಯನ್ನು ಮುಂದೆ ಚಾಚಿದಳು.