ಬೋಲ್ಟ್ ಹುಡುಕಿಕೊಂಡು ಬ್ಯಾಡಗಿಗೆ

ಹೊಲದ ಬದುವಿನಲ್ಲಿ ಕೂತು ಎಳೆ ಜೋಳದ ಸೀತನಿ ತೆನೆ ಸುಟ್ಟು, ಬಿಸಿ ಕಾಳನ್ನು ಬೆಲ್ಲದ ಜತೆ ಬಾಯಿಗೆ ಎಸೆದುಕೊಳ್ಳುತ್ತಿದ್ದ ಚಳಿಗಾಲಗಳು ಆಗಿನವು. ಹಾವೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ಇಯತ್ತೆ. ಆ ವರ್ಷವೇ ನಮ್ಮ ಶಾಲೆಯಲ್ಲಿ ಕೆಡೆಟ್ ತುಕಡಿ ಶುರುವಾಗಿತ್ತು.

ತುಕಡಿ ಹೊಸದಾದರೂ ಬಂದೂಕುಗಳು ಮುದಿಯವು. ಹಿಂದೆಂದೋ ಸಿಪಾಯಿಗಳು ತರಬೇತಿಗೆ ಬಳಸಿದ್ದ ಅವು ಗಂಡುಮಕ್ಕಳ ಶಾಲೆಯೊಂದಕ್ಕೆ ಹೋಗಿ, ಅಲ್ಲಿ ತುಕಡಿ ಮುಚ್ಚಿದ ಮೇಲೆ ನಮ್ಮ ಪಾಲಿಗೆ ಬಂದಿದ್ದವು. ನಳಿಗೆಗೆ ತೂತು ಕೊರೆದಿದ್ದರಿಂದ ಗುಂಡು ಹಾರುತ್ತಿರಲಿಲ್ಲ, ಕವಾಯತಿಗಷ್ಟೇ. ಕಟ್ಟಿಗೆಗೆ ಅಗಸೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ಆ ವಾಸನೆ ಊಟದ ಹೊತ್ತಿಗೂ ಕೈಯಲ್ಲಿರುತ್ತಿತ್ತು.

ನನಗೆ ಸಿಕ್ಕ ಬಂದೂಕಿಗೆ ಬೋಲ್ಟ್ ಇರಲಿಲ್ಲ. ಹಿಂದೆ ಮುಂದೆ ಎಳೆದರೆ ಖಟಕ್ ಎನ್ನುವ ಹಿಡಿಕೆಯ ಭಾಗ ಅದು. ಇಷ್ಟು ಹಳೆಯ ಬಂದೂಕಿನ ಸಾಮಾನು ಈಗ ಬರುವುದಿಲ್ಲ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಪರೇಡಿನ್ಯಾಗ ಸಾಹೇಬ್ರು ಬೋಲ್ಟ್ ಎಳದು ತೋರಸು ಅಂದ್ರ ಏನ್ ತೋರಸ್ತಿ?" ಎಂದರು ತುಕಡಿ ನೋಡಿಕೊಳ್ಳುತ್ತಿದ್ದ ನಮ್ಮ ಶಾಲೆಯ ಅಕ್ಕೋರು. "ಸಿಗಲಿಲ್ಲಂದ್ರ ಈ ಸಲ ಕುಂತು ನೋಡವಾ."

ರಾತ್ರಿ ಊಟಕ್ಕೆ ಕೂತಾಗ ಅಳು ಬಂತು. ರೊಟ್ಟಿ ಮುರಿಯುತ್ತಿದ್ದ ಕಾಕಾ ಕೈ ನಿಲ್ಲಿಸಿ ಕೇಳಿದ: "ಹಿಡಿಕಿ ಕೆಳಗ ಬಾಗಿರತದೇನವಾ, ನೆಟ್ಟಗ ಇರತದೇನು?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಅಂದ: "ಮಿಲಿಟ್ರಿ ಬಿಟ್ಟು ಓಡಿ ಬಂದಾವಗ ಬಂದೂಕಿನ ಉಸಾಬರಿ ಯಾಕ?"

ನಾನು ಹುಟ್ಟುವ ಮೊದಲು ಕಾಕಾ ಸೈನ್ಯಕ್ಕೆ ಸೇರಿ, ತರಬೇತಿ ಮುಗಿಯುವುದರೊಳಗೇ ಮನೆಗೆ ಬಂದಿದ್ದನಂತೆ. ಆಮೇಲೆ ಸೈಕಲ್ ರಿಪೇರಿ ಅಂಗಡಿ ಇಟ್ಟ. ಅಜ್ಜ ಕರೆದರೆ ಎಷ್ಟೋ ಸಲ ಓಗೊಡುತ್ತಿರಲಿಲ್ಲ. ಅದಕ್ಕೆ ಅಜ್ಜ ಸೊಕ್ಕು ಎನ್ನುತ್ತಿದ್ದ.

ರವಿವಾರ ಕಾಕಾ ಅಂಗಡಿ ಮುಚ್ಚಿ ನನ್ನನ್ನು ರಾಣೇಬೆನ್ನೂರಿಗೆ ಕರೆದುಕೊಂಡು ಹೋದ. ಗುಜರಿ ಅಂಗಡಿಗಳಲ್ಲಿ ತುಕ್ಕು ಹಿಡಿದ ಪಂಪು, ಹೊಲಿಗೆ ಯಂತ್ರಗಳ ರಾಶಿಯನ್ನೆಲ್ಲ ಕೆದಕಿದೆವು. ಸಿಗಲಿಲ್ಲ. ಒಬ್ಬ ಗುಜರಿಯವನು, ಬ್ಯಾಡಗಿಯಲ್ಲಿ ಶಾಲೆಗಳ ಬಂದೂಕು ರಿಪೇರಿ ಮಾಡುವವರೊಬ್ಬರು ಇದ್ದರು, ತೀರಿಕೊಂಡಿದ್ದಾರೆ, ಮನೆಯವರನ್ನು ಕೇಳಿ ನೋಡಿ ಎಂದ.

ಬಸ್ ಸ್ಟ್ಯಾಂಡಿನಲ್ಲೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಬ್ಯಾಡಗಿ ಬಸ್ ಹತ್ತಿದೆವು. ಮೆಣಸಿನಕಾಯಿ ಸುಗ್ಗಿ. ಊರು ಹತ್ತಿರವಾದಂತೆ ಬಸ್ಸಿಗೆ ಬಸ್ಸೇ ಸೀನತೊಡಗಿತು.

ರಿಪೇರಿಯವರ ಹೆಂಡತಿ ಮಲ್ಲವ್ವ ಹಿತ್ತಲ ಕೋಣೆಯಿಂದ ಕಬ್ಬಿಣದ ಪೆಟ್ಟಿಗೆಯೊಂದನ್ನು ಎಳೆದು ತಂದರು. ಕಾಕಾ ಕಣ್ಣು ಮುಚ್ಚಿ ಒಳಗೆ ಕೈ ಆಡಿಸಿದ. ಒಂದೊಂದನ್ನೇ ಸವರಿ ಬಿಟ್ಟು, ಕೊನೆಗೊಂದನ್ನು ಮೇಲೆತ್ತಿದ.

"ಇದಾ ನೋಡವಾ. ಗುಂಡು ಹಾರಬಾರದಂತ ಮೂತಿ ಕತ್ತರಿಸ್ಯಾರ, ಕವಾಯತಿನ ಬಂದೂಕಿಂದು."

"ಕಣ್ಣು ಮುಚ್ಚಿ ಹ್ಯಾಂಗ ಗೊತ್ತಾತೋ ತಮ್ಮಾ? ಮಿಲಿಟ್ರಿಯಾಗ ಇದ್ದೇನು?" ಎಂದು ಮಲ್ಲವ್ವ ಕೇಳಿದರು.

ಕಾಕಾ ತಲೆ ತಗ್ಗಿಸಿದ. "ಇದ್ನಿರೆವ್ವಾ. ಕತ್ತಲದಾಗ ಬಿಚ್ಚಿ ಕೂಡಸೂದು ಕಲಿಸಿದ್ರು. ಆಮ್ಯಾಲೆ ಒಂದ್ ದಿವಸ ಮಗ್ಗಲದಾಗ ಮದ್ದು ಸಿಡದು ಎಡಗಿವಿ ಹೋತು. ಕಿವಿ ಇಲ್ಲದಾವ ಬ್ಯಾಡ ಅಂತ ಮನಿಗೆ ಕಳಿಸಿದ್ರು."

ಮಲ್ಲವ್ವ ಬೋಲ್ಟನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. "ನಮ್ಮ ಮನಿಯವರು ಮುಟ್ಟಿದ್ದೈತಿ. ಚಂದಂಗ ಇಟ್ಕೋ ಮಗಳ."

ಬಸ್ಸಿನಲ್ಲಿ ಕಾಕಾನ ಬಲಕ್ಕೆ ಕೂತು ಕೇಳಿದೆ: "ಅಜ್ಜಗ ಯಾಕ ಹೇಳಲಿಲ್ಲ ಕಾಕಾ?"

"ಟ್ರಂಕ್ ಇಳಿಸೂದರಾಗ ಓಡಿ ಬಂದ್ಯಾ ಅಂದ. ಯಾಕ ಬಂದಿ ಅಂತ ಕೇಳಲೇ ಇಲ್ಲ," ಎಂದು ಕಾಕಾ ಕಿಟಕಿಯತ್ತ ತಿರುಗಿದ.

ಮನೆಗೆ ಬಂದವಳೇ ನಾನು ಅಜ್ಜನಿಗೆ ಎಲ್ಲ ಹೇಳಿಬಿಟ್ಟೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜನ ಬೆರಳು ನಿಂತಿತು. ಎಲೆಯನ್ನು ಕೆಳಗಿಟ್ಟು, "ಯಾ ಕಿವಿ ಅಂದಿ?" ಎಂದಷ್ಟೇ ಕೇಳಿದ.

ಮರುದಿನ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅಜ್ಜ ಕೋಲೂರಿಕೊಂಡು ಬಂದು, ಹತ್ತಿರವಿದ್ದ ಎಡಗಡೆ ಕೂರದೆ, ಸುತ್ತು ಹಾಕಿ ಬಲಗಡೆ ಹೋಗಿ ಕೂತ.

"ಚಾ ಕುಡದೇನೋ?" ಎಂದ, ಮೆಲ್ಲಗೆ.

"ಇಲ್ಲಪ್ಪ. ಕೂಡೇ ಕುಡಿಯೂಣಂತ," ಅಂದ ಕಾಕಾ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದಳು.

ಬೋಲ್ಟ್ ಸರಿಯಾಗಿ ಕೂತಿತು. ಪರೇಡಿನಲ್ಲಿ ನಾನೂ ನಡೆದೆ. ಸಾಹೇಬರು ನನ್ನ ಬಂದೂಕಿನ ಕಡೆ ನೋಡಲೂ ಇಲ್ಲ! ಮೈದಾನದ ಅಂಚಿನಲ್ಲಿ ಅಜ್ಜ, ಕಾಕಾ ಇಬ್ಬರೂ ನಿಂತಿದ್ದರು.

ಮೊನ್ನೆ ಅದೇ ಶಾಲೆಗೆ ಹೋಗಿದ್ದೆ. ಈಗ ಹುಡುಗಿಯರ ಹೆಗಲ ಮೇಲಿರುವುದು ಹಗುರಾದ ಕಟ್ಟಿಗೆಯ ಮಾದರಿಗಳು. ಹಳೆಯವು ಎಲ್ಲಿ ಹೋದವೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಬೇಸರ ಬೇರೆಯದು. ಆ ಚಳಿಗಾಲದ ನಂತರ ಅಜ್ಜ ಇದ್ದದ್ದು ಎರಡೇ ವರ್ಷ. ಕಾಕಾನೂ ಈಗಿಲ್ಲ. ಅಪ್ಪ ಮಗ ಒಂದೇ ಮನೆಯಲ್ಲಿದ್ದೂ ಮಾತಿಲ್ಲದೆ ಕಳೆದ ವರ್ಷಗಳು, ಮಾತಾಡಿದ ವರ್ಷಗಳಿಗಿಂತ ಎಷ್ಟೋ ಹೆಚ್ಚು.